ಜೂನ್ ಒಂದರಂದು ಹುಟ್ಟಿದವರು

ಇಕ್ಬಾಲ್ ಮನಿಯಾರ ಬೆಳಗಾವಿಯಿಂದ ಬಂದು ವಿಜಯಪುರದ ನೆನಪಿನ ಭಂಡಾರದ ಮೆಟ್ಟಿಲು ಹತ್ತಿದಾಗ ಹತ್ತೊಂಬತ್ತು ದಿನ ಉಳಿದಿದ್ದವು. ಕೈಯಲ್ಲಿ ಅರವತ್ನಾಲ್ಕು ಪ್ರಶ್ನೆಗಳ ನಮೂನೆ. ಮೊದಲ ಪ್ರಶ್ನೆ ಬೆಂಕಿ ಆರಿಸುವ ಸಿಲಿಂಡರು ಇದೆಯೇ ಎಂಬುದು, ಎರಡನೆಯದು ಅದರ ಅವಧಿ ಮುಗಿದಿದೆಯೇ ಎಂಬುದು. ಸರಕಾರದವರು ಯಾವ ನಮೂನೆ ಬರೆದರೂ ಮೊದಲು ಸಿಲಿಂಡರಿನ ಕ್ಷೇಮಸಮಾಚಾರ ವಿಚಾರಿಸುತ್ತಾರೆ, ಮನುಷ್ಯರ ಸರದಿ ಬರುವುದು ಆಮೇಲೆ. ಭಂಡಾರದ ಸೂಚಿ ನೋಡಿಕೊಳ್ಳುವ ಮಹಾನಂದಾ ಬಿರಾದಾರ ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಹೇಳುತ್ತ ಹೋದಳು. ಒಳಗೊಳಗೇ ಅವಳಿಗೆ ಈ ಮನುಷ್ಯನ ಕೈಯಿಂದ ಪೆನ್ನು ಕಿತ್ತುಕೊಂಡು ಎಲ್ಲಾ ಕಡೆ ಹೌದು ಹೌದು ಎಂದು ಗೀಚಿಬಿಡಬೇಕು ಅನ್ನಿಸುತ್ತಿತ್ತು.

ಅವಸರಕ್ಕೆ ಕಾರಣವಿತ್ತು. ಇಪ್ಪತ್ತು ವರ್ಷದ ಹಿಂದೆ ಈ ಸೀಮೆಗೆ ಒಂದು ಜ್ವರ ಬಂದಿತ್ತು. ಜ್ವರ ಮೂರೇ ದಿನ, ಅದು ಬಿಟ್ಟುಹೋದ ಮಬ್ಬು ಮಾತ್ರ ಜೀವನಪೂರ್ತಿ. ಮಬ್ಬು ಹಿಡಿದವರಿಗೆ ಕೈಕಾಲು ಗಟ್ಟಿ, ಊಟ ನಿದ್ದೆ ಸರಿ, ಆದರೆ ನೆನಪುಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಅದಕ್ಕೆ ಔಷಧ ಸಿಗಲಿಲ್ಲ, ಒಂದು ಟೋಪಿ ಸಿಕ್ಕಿತು. ಟೋಪಿ ಹಾಕಿಕೊಂಡು ರೋಗಿ ತನ್ನ ಬದುಕಿನ ಒಂದು ಘಟನೆ ಹೇಳಿದರೆ, ಹೇಳುವಾಗ ಮೆದುಳಿನಲ್ಲಿ ಓಡುವ ಮಿಂಚಿನ ಹಾದಿಯೆಲ್ಲ ಉಗುರಗಲದ ಗಾಜಿನ ಬಿಲ್ಲೆಯೊಂದರ ಮೇಲೆ ಕೂರುತ್ತಿತ್ತು. ಹದಿನಾಲ್ಕು ದಿನಕ್ಕೊಮ್ಮೆ ಅದೇ ಬಿಲ್ಲೆಯನ್ನು ಅವನಿಗೆ ಮರಳಿ ನುಡಿಸಿದರೆ ನೆನಪು ಜಾಗ ಬಿಡುವುದಿಲ್ಲ. ಮೂವತ್ತು ದಿನ ದಾಟಿದರೆ ಆ ಜಾಗ ಹೂಳಿಹೋಗುತ್ತದೆ, ಮತ್ತೆ ಏನು ನುಡಿಸಿದರೂ ಅಲ್ಲಿ ನಿಲ್ಲುವುದಿಲ್ಲ. ಬಿಲ್ಲೆಯಲ್ಲಿ ದನಿಯಿಲ್ಲ, ಚಿತ್ರವಿಲ್ಲ. ಯಾವುದು ಯಾರದೆಂದು ಹೇಳಬಲ್ಲದ್ದು ಸೂಚಿಯೊಂದೇ.

ಆ ಸೂಚಿಯನ್ನು ಹದಿನಾಲ್ಕು ವರ್ಷ ಒಂದು ಖಾಸಗಿ ಕಂಪನಿಯ ಸಾಫ್ಟ್‌ವೇರು ನೋಡಿಕೊಂಡಿತ್ತು. ತೆರೆಯ ಮೇಲೆ ಹೆಸರು ಒತ್ತಿದರೆ ಯಂತ್ರದ ಕೈಯೇ ಕಪಾಟಿನಿಂದ ಬಿಲ್ಲೆ ತಂದು ಟೋಪಿಗೆ ಕೊಡುತ್ತಿತ್ತು. ಅದರ ನಂಬರು ಎಷ್ಟೆಂದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹನ್ನೊಂದು ದಿನದ ಹಿಂದೆ ಕಂಪನಿ ಬಾಗಿಲು ಹಾಕಿತು, ಸಾಫ್ಟ್‌ವೇರು ಅದೇ ದಿನ ಕಣ್ಣುಮುಚ್ಚಿತು. ಹೋಗುವಾಗ ಭಂಡಾರಕ್ಕೊಂದು ಕಡತ ಕೊಟ್ಟುಹೋಯಿತು. ಅದರಲ್ಲಿ ಬಿಲ್ಲೆಯ ನಂಬರು, ಶೀರ್ಷಿಕೆ, ದಾಖಲಾದ ದಿನ, ರೋಗಿಯ ಹೆಸರು, ಜನ್ಮದಿನಾಂಕ. ಅಷ್ಟೇ.

ಸರಕಾರ ಆಗ ಮುಂದೆ ತಂದದ್ದು 'ಹಗೇವು' ಎಂಬ, ನೆಲದಡಿಯ ಕಾಳಿನ ಕಣಜದ ಹೆಸರಿಟ್ಟ ಮುಕ್ತ ತಂತ್ರಾಂಶವನ್ನು. ಹತ್ತಾರು ಊರಿನ ಹುಡುಗ ಹುಡುಗಿಯರು ಸೇರಿ ಬರೆದದ್ದು, ಯಾರು ಬೇಕಾದರೂ ಒಳಗೆ ಇಳಿದು ನೋಡಬಹುದು, ತಿದ್ದಬಹುದು. ಆದರೆ ಹಗೇವಿಗೆ ಕಾಳು ಸುರಿಯುವ ಮೊದಲು ಕಾಳು ಹಸನಾಗಿದೆಯೇ ಎಂದು ನೋಡಬೇಕಲ್ಲ. ಅದನ್ನು ನೋಡಿ ಸಿದ್ಧತಾ ಪತ್ರ ಕೊಡುವುದು ಇಕ್ಬಾಲನ ಕೆಲಸ. ಪತ್ರವಿಲ್ಲದೆ ಟೋಪಿ ಯಂತ್ರ ತಿರುಗುವುದಿಲ್ಲ. ಕಂಪನಿ ಹೋಗುವ ದಿನ ಕೊನೆಯ ಸಲ ನುಡಿಸಿಕೊಂಡ ಆರುನೂರ ನಲವತ್ತು ರೋಗಿಗಳು ಹನ್ನೊಂದು ದಿನದಿಂದ ಏನೂ ನುಡಿಸಿಕೊಳ್ಳದೆ ಮನೆಯಲ್ಲಿ ಕೂತಿದ್ದರು, ಮೂವತ್ತಕ್ಕೆ ಹತ್ತೊಂಬತ್ತೇ ದಿನ ಉಳಿದಿತ್ತು. ಅವರಲ್ಲೊಬ್ಬ ಮಹಾನಂದಾಳ ಗಂಡ ಚಂದ್ರಾಮ.

ಮೂವತ್ತೊಂಬತ್ತನೆಯ ಪ್ರಶ್ನೆ ಬಂತು. ಪ್ರತಿಯೊಬ್ಬ ರೋಗಿಯನ್ನೂ ಇನ್ನೊಬ್ಬರಿಂದ ಬೇರೆಯಾಗಿ ಗುರುತಿಸಲು ಸಾಧ್ಯವೇ? ಇದಕ್ಕೆ ಅಂಕವಿಲ್ಲ, ಹೌದು ಅಥವಾ ಇಲ್ಲ, ಇಲ್ಲವಾದರೆ ಉಳಿದ ಅರವತ್ಮೂರು ವ್ಯರ್ಥ. ಮಹಾನಂದಾ ಹೌದು ಅಂದಳು. ಇಕ್ಬಾಲ್ ತಲೆಯಾಡಿಸಿ, ಒಮ್ಮೆ ಸುರಿದೇ ನೋಡೋಣ ಎಂದು ಕಡತವನ್ನು ಹಗೇವಿನೊಳಗೆ ಬಿಟ್ಟ. ಚಹಾ ಕುಡಿಯುವಷ್ಟರಲ್ಲಿ ಲೆಕ್ಕ ಬಂತು. ಆರುನೂರ ನಲವತ್ತು ಮಂದಿ ಒಳಗೆ ಹೋಗಿದ್ದರು, ನಾನೂರ ತೊಂಬತ್ತೆಂಟು ಮಂದಿ ಹೊರಗೆ ಬಂದಿದ್ದರು.

ಇಕ್ಬಾಲ್ ತೆರೆಯನ್ನು ಅವಳ ಕಡೆ ತಿರುಗಿಸಿದ. ಶಾಂತಾಬಾಯಿ ಬಿರಾದಾರ, ಜೂನ್ ಒಂದು. ನಾಲ್ವರು ಶಾಂತಾಬಾಯಿಯರು ಒಬ್ಬಳೇ ಆಗಿ, ಅವಳಿಗೆ ನಾಲ್ಕು ಮದುವೆ, ಹದಿಮೂರು ಮಕ್ಕಳು ಆಗಿದ್ದವು. ಅದರ ಕೆಳಗೆ ಮಲ್ಲಪ್ಪ ಪೂಜಾರಿ, ಜೂನ್ ಒಂದು. ಅದರ ಕೆಳಗಿನವರೂ ಜೂನ್ ಒಂದೇ.

"ಬಾಯಾರ," ಅಂದ ಇಕ್ಬಾಲ್, "ಈ ಜಿಲ್ಲಾದಾಗ ಮಂದಿ ಉಳದ ದಿನ ಹುಟ್ಟೂದಿಲ್ಲೇನ್ರಿ?"

ಮಹಾನಂದಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಹಿಂದೆ ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಖು ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅದೇ ಚಾಳಿ ಭಂಡಾರಕ್ಕೂ ಬಂತು. ಹಳೆಯ ಸಾಫ್ಟ್‌ವೇರು ಜನ್ಮದಿನಾಂಕ ತುಂಬದೆ ಮುಂದಿನ ಪುಟಕ್ಕೆ ಬಿಡುತ್ತಿರಲಿಲ್ಲ. ಎದುರಿಗೆ ಕೂತವನಿಗೆ ತನ್ನ ಹೆಸರೇ ಅರ್ಧ ನೆನಪು. ಕರೆತಂದವರು ಸುಮಾರು ಐವತ್ತು ಅಂದರೆ ಐವತ್ತು, ಅರವತ್ತು ಅಂದರೆ ಅರವತ್ತು, ವರ್ಷ ಹಿಂದೆ ಎಣಿಸಿ ಮುಂದೆ ಜೂನ್ ಒಂದು ಜಡಿದುಬಿಡುವುದು. ಕಂಪನಿಯವರು ಒಳಗೆ ತಮ್ಮದೇ ಗುಪ್ತ ನಂಬರಿನಿಂದ ಜನರನ್ನು ಬೇರೆ ಮಾಡಿದ್ದರು, ಹೋಗುವಾಗ ಆ ನಂಬರನ್ನು ತಮ್ಮ ಸೊತ್ತೆಂದು ತೆಗೆದುಕೊಂಡು ಹೋದರು. ಉಳಿದದ್ದು ಹೆಸರು ಮತ್ತು ಜೂನ್ ಒಂದು. ಅದನ್ನು ಹೆಚ್ಚಾಗಿ ಜಡಿದವಳು ಮಹಾನಂದಾಳೇ.

ಇಬ್ಬರನ್ನು ಒಬ್ಬರಾಗಿಸುವ ಹಗೇವಿನ ನಿಯಮವನ್ನು ಇಕ್ಬಾಲ್ ಅರ್ಧ ತಾಸಿನಲ್ಲಿ ತಿದ್ದಿದ. ಆದರೆ ನಿಯಮ ತೆಗೆದರೆ ಬಿಲ್ಲೆಗಳಿಗೆ ಒಡೆಯರು ಹುಟ್ಟಿಕೊಳ್ಳುವುದಿಲ್ಲ. ಒಂದೇ ಹೆಸರು ಒಂದೇ ದಿನಾಂಕದ ಇನ್ನೂರ ಹತ್ತು ಜನರ ಒಂಬತ್ತು ಸಾವಿರದ ನಾನೂರು ಬಿಲ್ಲೆ ಕಲಸಿಹೋಗಿ ಕೂತಿದ್ದವು. ಹೌದು ಎಂದು ಬರೆದುಬಿಡಿ, ನಾವು ಆಮೇಲೆ ಹೇಗೋ ಸರಿಮಾಡಿಕೊಳ್ಳುತ್ತೇವೆ ಎಂದು ಮಹಾನಂದಾ ನಾಚಿಕೆ ಬಿಟ್ಟು ಕೇಳಿದಳು. ಇಕ್ಬಾಲ್ ಬರೆಯಲಿಲ್ಲ. ಬೇರೊಂದು ಊರಿನ ಭಂಡಾರದಲ್ಲಿ ಹಾಗೆ ಬರೆದದ್ದನ್ನು ಅವನು ಕಂಡಿದ್ದ. ಅಲ್ಲಿ ಒಬ್ಬಾಕೆಗೆ ಬೇರೆಯವಳ ಬಿಲ್ಲೆ ನುಡಿಸಿದ್ದರು. ಒಮ್ಮೆ ಕೂತ ನೆನಪಿನ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಸ್ವಂತದ್ದನ್ನೇ ತಂದರೂ ಇಲ್ಲ. ಮಕ್ಕಳೇ ಆಗದ ಆ ಹೆಂಗಸು ಇವತ್ತಿಗೂ ಮಗನನ್ನು ಹುಡುಕುತ್ತ ಬಸ್‌ಸ್ಟ್ಯಾಂಡಿನಲ್ಲಿ ತಿರುಗುತ್ತಾಳೆ.

ಕೊನೆಗೆ ಅವನು ಒಂದು ದಾರಿ ಬಿಟ್ಟುಕೊಟ್ಟ. ದಾಖಲಾಗುವಾಗ ಕೋಣೆಯಲ್ಲಿದ್ದ ಸಿಬ್ಬಂದಿಯೊಬ್ಬರು ಇದು ಇಂಥವರದೇ ಎಂದು ಒಂದೊಂದು ಬಿಲ್ಲೆಗೂ ಸಾಕ್ಷಿ ಹಾಕಬೇಕು. ಸಂಶಯ ಇದ್ದದ್ದನ್ನು ಮೊಹರು ಮಾಡಿ ಒಳಗಿಡಬೇಕು. ಮತ್ತೆ, ತಮ್ಮ ಮನೆಯವರ ಬಿಲ್ಲೆಗೆ ತಾವೇ ಸಾಕ್ಷಿ ಹಾಕುವಂತಿಲ್ಲ. ಇದನ್ನು ಹೇಳುವಾಗ ಅವನಿಗೆ ಚಂದ್ರಾಮನ ವಿಷಯ ಗೊತ್ತಿರಲಿಲ್ಲ. ಮಹಾನಂದಾ ಹೇಳಲೂ ಇಲ್ಲ.

ಆ ಸಂಜೆ ಅವಳು ಮನೆಗೆ ಹೋದಾಗ ಚಂದ್ರಾಮ ಅಂಗಳದಲ್ಲಿ ನೆಟ್ಟಗೆ ನಿಂತಿದ್ದ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ಏನಾದರೂ ಮರೆತಾಗ ಅಟೆನ್ಷನ್ನಿನಲ್ಲಿ ನಿಂತುಬಿಡುತ್ತಿದ್ದ. ಅವಳು ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಹಚ್ಚಿ ತಾಟು ಮುಂದಿಟ್ಟಳು. ಅವನು ಎರಡು ತುತ್ತು ತಿಂದು ಮುಖ ಎತ್ತಿ ನೋಡಿದ.

"ಅಡಗಿ ಭಾಳ ಚಲೋ ಮಾಡೀರಿ," ಅಂದ. "ತಮ್ಮ ಹೆಸರೇನ್ರಿ?"

ಅವಳು ಹೆಸರು ಹೇಳಿದಳು. ಚಲೋ ಹೆಸರು ಎಂದು ಅವನು ಮರ್ಯಾದೆಯಿಂದ ತಲೆದೂಗಿದ. ಮೊದಲೆಲ್ಲ ಹದಿಮೂರನೆಯ ದಿನಕ್ಕೆ ಹೀಗಾಗುವುದು, ಮರುದಿನ ಟೋಪಿ ಹಾಕಿಸಿದರೆ ನಗುನಗುತ್ತ ಹೊರಗೆ ಬರುವನು. ಆ ಒಂದು ದಿನವನ್ನು ಅವಳು ಹದಿನಾಲ್ಕು ವರ್ಷ ಹೇಗೋ ನುಂಗಿಕೊಂಡಿದ್ದಳು. ಈ ಸಲ ಎರಡು ದಿನ ಮೊದಲೇ ಮರೆತಿದ್ದ, ಎಣಿಕೆಗೆ ತುದಿಯೂ ಇರಲಿಲ್ಲ. ಅವಳು ಒಲೆಯ ಕಡೆ ಮುಖ ಮಾಡಿ ಅತ್ತಳು, ಅವನಿಗೆ ಕಾಣಿಸಬಾರದೆಂದಲ್ಲ, ಕಂಡರೆ ಗುರುತಿಲ್ಲದ ಹೆಂಗಸು ಯಾಕೆ ಅಳುತ್ತಾಳೆಂದು ಅವನು ಗಾಬರಿಯಾದಾನು ಎಂದು.

ಮರುದಿನದಿಂದ ಭಂಡಾರ ಸಂತೆಯಾಯಿತು. ಫೋನು ಮಾಡಿ ಮಾಡಿ ಸಂಬಂಧಿಕರನ್ನು ಕರೆಸಿದರು. ಅವರು ಒಬ್ಬೊಬ್ಬರಾಗಿ ಬಂದು ಹೇಳುವುದು, ಮಹಾನಂದಾ ಕಣ್ಣುಮುಚ್ಚಿ ನೆನೆಸಿಕೊಳ್ಳುವುದು. 'ಬಾವಿ ತೋಡಿದ್ದು' ಎಂಬ ಶೀರ್ಷಿಕೆ ಕೇಳಿದರೆ, ಕಲ್ಲು ಬಂಡೆ ಹತ್ತಿತೆಂದು ಹಣೆ ಬಡಿದುಕೊಂಡ ತಿಕೋಟಾದ ಮಲ್ಲಪ್ಪ ಕಣ್ಣಮುಂದೆ ಬರುತ್ತಿದ್ದ. 'ಎಮ್ಮೆ ಕಳೆದದ್ದು' ಅಂದರೆ ದೇವರಹಿಪ್ಪರಗಿಯ ಶಾಂತಾಬಾಯಿ. ಶೀರ್ಷಿಕೆಯನ್ನು ಟೈಪು ಮಾಡಿದವಳೇ ಅವಳು, ಹೇಳುವಾಗ ಪಕ್ಕದಲ್ಲಿ ಕೂತು ಕೇಳಿದವಳು. ಹಗೇವಿನಲ್ಲಿ ಇಕ್ಬಾಲ್ ಅವಳಿಗಾಗಿ ಒಂದು ಹೊಸ ಕಲಂ ತೆರೆದುಕೊಟ್ಟ. ಅದರಲ್ಲಿ ತಾರೀಖು ಬೇಕಿಲ್ಲ, ಭೀಮಾ ನದಿಗೆ ಮಹಾಪೂರ ಬಂದ ವರ್ಷ ಕಾರಹುಣ್ಣಿಮೆಯ ಮರುದಿನ ಹುಟ್ಟಿದವಳು ಎಂದೂ ಬರೆಯಬಹುದು. ಮೊದಲೇ ಇಂಥ ಕಲಂ ಇದ್ದಿದ್ದರೆ ಎಂದು ಮಹಾನಂದಾ ಅಂದುಕೊಂಡಳು, ಆಮೇಲೆ ಅಂದುಕೊಳ್ಳುವುದಕ್ಕೂ ಪುರುಸೊತ್ತು ಸಿಗಲಿಲ್ಲ.

'ಮದುವೆ', 'ಅವ್ವನ ಸಾವು', 'ಮೊದಲ ಮಗು' ಎಂದಷ್ಟೇ ಬರೆದವು ಕೊರಳಿಗೆ ಬಂದವು. ಅಂಥವನ್ನು ಮೊಹರು ಮಾಡಬೇಕಾಯಿತು. ಒಬ್ಬ ಮುದುಕ, ಮದುವೆ ಬ್ಯಾಡ್ರಿ, ಸತ್ತ ಮಗಳದಷ್ಟು ಕೊಡ್ರಿ, ಎಂದು ಅವಳ ಕಾಲು ಹಿಡಿಯಲು ಬಂದ. ಅವಳು ಅವನನ್ನು ಎಬ್ಬಿಸಿ, ಆಗುವುದಿಲ್ಲ ಅಂದಳು. ಇಕ್ಬಾಲ್ ಬಂದ ಹದಿನೇಳನೆಯ ದಿನದ ಹೊತ್ತಿಗೆ ಏಳೂವರೆ ಸಾವಿರ ಬಿಲ್ಲೆಗಳು ಒಡೆಯರನ್ನು ಸೇರಿದ್ದವು. ಉಳಿದವು ಕೆಂಪು ಮೇಣದಡಿ ಹೋದವು. ಅವು ಮತ್ತೆ ಯಾರಿಗೂ ದಕ್ಕುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಒಂದು ಗುಡ್ಡೆ ಉಳಿಯಿತು. ಚಂದ್ರಾಮ ಬಿರಾದಾರ, ಜೂನ್ ಒಂದು, ಒಂದೇ ವರ್ಷ. ಇಬ್ಬರು. ಒಬ್ಬ ಮಹಾನಂದಾಳ ಗಂಡ, ಇನ್ನೊಬ್ಬ ಇಂಡಿ ಊರಿನ ಕಡೆಯ ಕಬ್ಬಿನ ಗಾಣದವನು, ಅವನನ್ನು ಅಕ್ಕ ಕಾಶೀಬಾಯಿ ಕರೆತಂದಿದ್ದಳು. ಈಗ ಇಕ್ಬಾಲನಿಗೆ ಹೇಳಲೇಬೇಕಾಯಿತು. ಹೇಳಿ, ಕೂಡಲೇ ತಾನು ಹದಿನೇಳು ದಿನ ಯೋಚಿಸಿದ್ದನ್ನೂ ಹೇಳಿದಳು. ಗಂಡನ ಬಿಲ್ಲೆಗೆ ಅವಳು ಸಾಕ್ಷಿ ಹಾಕುವಂತಿಲ್ಲ, ಸರಿ. ಆದರೆ ಇಂಡಿಯವನ ಬಿಲ್ಲೆಗಳಿಗೆ ಹಾಕಬಹುದು. ಅವನವು ತೆಗೆದಮೇಲೆ ಉಳಿದವು ತಾನಾಗಿಯೇ ಯಾರವು? ಇಕ್ಬಾಲ್ ಅವಳ ಮುಖ ನೋಡಿದ. ಹದಿನೇಳು ದಿನದಲ್ಲಿ ಅವಳ ಕಣ್ಣು ಗುಳಿಬಿದ್ದಿದ್ದವು. ಆಗಲಿ ಅಂದ.

ನೂರಾ ಎಂಬತ್ತಾರು ಬಿಲ್ಲೆಗಳನ್ನು ಅವಳು ಎರಡು ತಾಸಿನಲ್ಲಿ ಬೇರೆ ಮಾಡಿದಳು. ಗಾಣ, ಎತ್ತು, ಬೆಲ್ಲದ ಪಾಕ ಅತ್ತ. ಸೀಟಿ, ಕವಾಯತು, ಕಬಡ್ಡಿ ಇತ್ತ. ಎರಡೇ ಎರಡು ಉಳಿದವು. ಎರಡಕ್ಕೂ ಶೀರ್ಷಿಕೆ 'ಹೆಂಡತಿ', ಎರಡೂ ದಾಖಲಾದದ್ದು ಭಂಡಾರ ಶುರುವಾದ ಮೊದಲ ವರ್ಷದ ಒಂದೇ ದಿನ. ನಂಬರು ೩೧೧೮ ಮತ್ತು ೩೧೧೯.

ಗಂಡನ ಎಲ್ಲ ಬಿಲ್ಲೆ ದಾಖಲಾಗುವಾಗಲೂ ಅವಳು ಕೋಣೆಯಲ್ಲಿದ್ದಳು, ಇದೊಂದು ಬಿಟ್ಟು. ಯಾರ ಬಗ್ಗೆ ಹೇಳುತ್ತಾರೋ ಅವರು ಎದುರಿಗೆ ಇರಬಾರದೆಂಬುದು ಟೋಪಿಯ ನಿಯಮ. ಇದ್ದರೆ ಹಳೆಯ ನೆನಪಿನ ಬದಲು ಈಗಿನ ಮುಖವೇ ಬಿಲ್ಲೆಗೆ ಇಳಿಯುತ್ತದೆ. ಅವತ್ತು ಅವಳು ಹೊರಗೆ ಬೆಂಚಿನ ಮೇಲೆ ಕಾದಿದ್ದಳು, ಒಳಗಿದ್ದ ತಂತ್ರಜ್ಞ ಈಗ ಬದುಕಿಲ್ಲ. ಇಂಡಿಯವನ ಸರದಿ ಬಂದಾಗಲೂ ಅವಳು ಕೋಣೆಗೆ ಹೋಗಿರಲಿಲ್ಲ, ಗಂಡನನ್ನು ಮನೆಗೆ ಬಿಟ್ಟುಬರಲು ಹೋಗಿದ್ದಳು.

ಎರಡನ್ನೂ ಮೊಹರು ಮಾಡಿಬಿಡಿ, ಎಂದ ಇಕ್ಬಾಲ್ ಮೆತ್ತಗೆ. ಕಾಶೀಬಾಯಿ ಅಲ್ಲೇ ನೆಲದ ಮೇಲೆ ಕೂತಿದ್ದಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಹಂಗ ಮಾಡಬ್ಯಾಡ್ರಿ ಅಂದಳು. ತಮ್ಮನ ಹೆಂಡತಿ ಸಾವಂತ್ರಿ ಹೆರಿಗೆಯಲ್ಲಿ ತೀರಿಕೊಂಡಳು, ಅದಾದ ವರ್ಷವೇ ಅವನಿಗೆ ಜ್ವರ ಬಂತು. ಅವನ ಬಿಲ್ಲೆಯಲ್ಲಿರುವುದು ಅವಳನ್ನು ಮಣ್ಣು ಮಾಡಿದ ದಿನ.

"ಅಕಿ ಸತ್ತಾಳ ಅನ್ನೂದು ನೆನಪಿದ್ರ ಅತ್ತು ಸುಮ್ಮಾಗತಾನ್ರಿ," ಅಂದಳು. "ಅದ ಮರತ್ರ ಅಕಿನ್ನ ಹುಡುಕ್ಕೋಂತ ಹೋಗತಾನ. ನಿನ್ನಿ ರೈಲ್ವೆ ಹಳಿ ಮ್ಯಾಲ ಸಿಕ್ಕಾನ. ನಾಳೆ ಎಲ್ಲಿ ಸಿಗತಾನೋ."

ಮಹಾನಂದಾ ಕಣ್ಣುಮುಚ್ಚಿದಳು. ಹದಿನಾಲ್ಕು ವರ್ಷದ ಹಿಂದಿನ ಆ ದಿನ ಬೆಂಚಿನ ಮೇಲೆ ಕೂತಾಗ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು, ಅವಳು ಸೆರಗು ಅಡ್ಡ ಹಿಡಿದಿದ್ದಳು. ಬೆಂಚು ಇರುವುದು ಪೂರ್ವಕ್ಕೆ. ಅಂದರೆ ಬೆಳಿಗ್ಗೆ. ನೀವು ಯಾವಾಗ ಬಂದಿರಿ ಎಂದು ಕಾಶೀಬಾಯಿಯನ್ನು ಕೇಳಿದಳು. ಇಂಡಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದೆವೆಂದು ಅವಳು ಖಚಿತವಾಗಿ ಹೇಳಿದಳು. ಬೆಳಗಿನದು ಮೊದಲ ನಂಬರು, ಮಧ್ಯಾಹ್ನದ್ದು ಎರಡನೆಯದು. ಮಹಾನಂದಾಳ ಎದೆಯಲ್ಲಿ ಹದಿನೇಳು ದಿನದ ಮೇಲೆ ಮೊದಲ ಸಲ ಗಾಳಿ ಆಡಿತು. ೩೧೧೯ ಇಂಡಿಯ ಚಂದ್ರಾಮನದು, ಸಂಶಯವಿಲ್ಲ, ಅಂದಳು.

"ನಂಬರ ಹಚ್ಚಿದ್ದು ದಾಖಲಾದ ಸರದಿ ಪ್ರಕಾರನೇ ಏನ್ರಿ?" ಇಕ್ಬಾಲ್ ಕೇಳಿದ.

"ನಾನ ಹಚ್ಚೀನ್ರಿ," ಅಂದಳು ಮಹಾನಂದಾ.

ಅದು ಸುಳ್ಳೇನಲ್ಲ. ಆದರೆ ಅವನು ಕೇಳಿದ್ದಕ್ಕೆ ಅದು ಉತ್ತರವೂ ಆಗಿರಲಿಲ್ಲ. ಕೋಣೆಯಲ್ಲಿರದಿದ್ದರೂ ನಂಬರು ಹಚ್ಚಿದವಳೆಂದು ಇಕ್ಬಾಲ್ ಒಪ್ಪಿದ, ಅವಳು ಸಹಿ ಹಾಕಿದಳು. ಮೂವತ್ತೊಂಬತ್ತನೆಯ ಪ್ರಶ್ನೆಗೆ ಹೌದು ಎಂದಾಯಿತು, ವಿಜಯಪುರದ ಭಂಡಾರ ಹಗೇವಿಗೆ ಸಿದ್ಧವೆಂದು ಇಕ್ಬಾಲ್ ಪತ್ರ ಕೊಟ್ಟ. ಹೊರಗೆ ಕಾದಿದ್ದ ಜನ ಅವನ ಕೈಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಆ ಮಧ್ಯಾಹ್ನದಿಂದಲೇ ಟೋಪಿಗಳು ಶುರುವಾದವು.

ಇಬ್ಬರು ಚಂದ್ರಾಮರ ಸರದಿ ಬಂದದ್ದು ಮರುದಿನ ಹನ್ನೊಂದು ಗಂಟೆಗೆ, ಒಂದೇ ಹೊತ್ತಿಗೆ, ಅಕ್ಕಪಕ್ಕದ ಎರಡು ಕೋಣೆಗಳಲ್ಲಿ. ತಂತ್ರಜ್ಞೆ ದಾನಮ್ಮ ಮಹಾನಂದಾಳ ಗಂಡನನ್ನು ಬಲಗಡೆಯ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ಮಹಾನಂದಾ ಅದೇ ಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ಕಾಶೀಬಾಯಿ. ಗಂಡ ಹೊರಗೆ ಬಂದಕೂಡಲೇ ಏನು ಅನ್ನಬಹುದೆಂದು ಅವಳು ಯೋಚಿಸಿದಳು. ಇಷ್ಟು ಸೊರಗಿದ್ದಕ್ಕೆ ಬೈದಾನು. ಬೈಸಿಕೊಳ್ಳಲು ಅವಳಿಗೆ ಬಹಳ ಆಸೆಯಾಗಿತ್ತು.

ಮೊದಲು ತೆರೆದದ್ದು ಎಡಗಡೆಯ ಬಾಗಿಲು. ಇಂಡಿಯ ಚಂದ್ರಾಮ ಹೊರಗೆ ಬಂದ. ಅಕ್ಕನನ್ನು ನೋಡಿ ತಲೆಯಾಡಿಸಿದ, ಆಮೇಲೆ ಮಹಾನಂದಾಳನ್ನು ನೋಡಿ ಅವನ ಮುಖ ತುಂಬ ನಗೆ ಹರಡಿತು.

"ಮಾನಿ," ಅಂದ, "ಭಾಳ ಹೊತ್ತು ಕಾಯಿಸಿದ್ನಲ್ಲ ನಿನ್ನ. ಏಳು, ಮನೀಗಿ ಹೋಗೂಣು."

ಜಗತ್ತಿನಲ್ಲಿ ಅವಳನ್ನು ಮಾನಿ ಎಂದು ಕರೆಯುವವನು ಒಬ್ಬನೇ. ಮಹಾನಂದಾಳ ಕಣ್ಣಮುಂದೆ ಬಂತು ಆ ಮೊದಲ ವರ್ಷದ ತಟ್ಟೆ. ಅವತ್ತಿನ ಬಿಲ್ಲೆಗಳನ್ನು ದಿನವಿಡೀ ಒಂದರ ಮೇಲೊಂದು ಪೇರಿಸುತ್ತಿದ್ದರು. ಸಂಜೆ ಅವಳು ತಟ್ಟೆ ಮುಂದಿಟ್ಟುಕೊಂಡು ಮೇಲಿನಿಂದ ಒಂದೊಂದನ್ನೇ ತೆಗೆದು ನಂಬರು ಅಂಟಿಸುತ್ತಿದ್ದಳು. ಕೊನೆಗೆ ದಾಖಲಾದದ್ದು ಮೇಲೆ, ಅದಕ್ಕೇ ಮೊದಲ ನಂಬರು. ಬೆಳಗಿನದು ತಳಕ್ಕೆ. ಎರಡನೆಯ ವರ್ಷ ಅವಳೇ ಆ ಪದ್ಧತಿ ತಪ್ಪೆಂದು ಬದಲಿಸಿದ್ದಳು. ಹೊಸಬರಿಗೆಲ್ಲ ಸರಿಯಾದದ್ದನ್ನು ಕಲಿಸಿ ಕಲಿಸಿ, ತಾನು ಮೊದಲು ಮಾಡಿದ್ದು ಅವಳಿಗೆ ಮರೆತೇಹೋಗಿತ್ತು. ಅವಳಿಗೆ ಮಬ್ಬು ಇರಲಿಲ್ಲ, ಸುಮ್ಮನೆ ಮರೆತಿದ್ದಳು.

ಎದ್ದು ಬಲಗಡೆಯ ಬಾಗಿಲನ್ನು ಎರಡೂ ಕೈಯಿಂದ ಬಡಿದಳು. ದಾನಮ್ಮ ತೆರೆದು, ಈಗಷ್ಟೇ ಮುಗೀತ್ರಿ ಬಾಯಾರ, ಚಲೋ ಹಿಡಕೊಂಡೈತಿ, ಅಂದಳು.

ಅವಳ ಹಿಂದಿನಿಂದ ಚಂದ್ರಾಮ ಬಂದ. ಕಣ್ಣು ಕೆಂಪಗಾಗಿ ಕೆನ್ನೆ ತೊಯ್ದಿದ್ದವು. ಅವನು ಮಹಾನಂದಾಳ ಮುಂದೆ ನಿಂತು, ದಾರಿಯಲ್ಲಿ ಸಿಕ್ಕ ಯಾರನ್ನೋ ಕೇಳುವಂತೆ ಕೇಳಿದ.

"ನನ್ನ ಹೆಂಡ್ತಿ ಮಣ್ಣು ಐತ್ರಿ ಇವತ್ತ. ಸ್ಮಶಾನಕ್ಕ ಯಾವ ಹಾದೀಲೆ ಹೋಗಬೇಕು?"

ಮಹಾನಂದಾಳಿಗೆ ಏನೇನೋ ಬಾಯಿಗೆ ಬಂತು. ನಾನು ಸತ್ತಿಲ್ಲ, ಇಲ್ಲೇ ಇದ್ದೇನೆ, ನೋಡು ಅನ್ನಬೇಕೆನಿಸಿತು. ಅಂದರೂ ಅದು ಹೋಗಿ ಕೂರುವ ಜಾಗ ಅವನಲ್ಲಿ ಉಳಿದಿರಲಿಲ್ಲ, ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು. ಅವನು ಒಬ್ಬನೇ ಮೆಟ್ಟಿಲು ಇಳಿಯಲು ಹೊರಟಿದ್ದ, ಕಾಲು ತಡವರಿಸುತ್ತಿತ್ತು.

"ಬರ್ರಿ," ಅಂದಳು, "ನಾನೂ ಬರ್ತೀನಿ."

ಅವನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು. ಗೇಟಿನ ತನಕ ಹೋಗುವಷ್ಟರಲ್ಲಿ ಹಿಂದಿನಿಂದ ಇಂಡಿಯ ಚಂದ್ರಾಮ ಮಾನಿ, ಮಾನಿ ಎಂದು ಕೂಗತೊಡಗಿದ. ಕಾಶೀಬಾಯಿ ಅವನನ್ನು ಹಿಡಿದು ನಿಲ್ಲಿಸುತ್ತಿದ್ದಳು. ಮಹಾನಂದಾ ತಿರುಗಿ ನೋಡಲಿಲ್ಲ. ಅವಳ ಗಂಡ ನಿಂತು, ಕೆನ್ನೆ ಒರೆಸಿಕೊಂಡು, ತನ್ನ ತೋಳಿನ ಮೇಲಿದ್ದ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದ.

"ಹೋಗ್ರಿ ಬಾಯಾರ," ಅಂದ. "ನಿಮ್ಮ ಮನಿಯವರು ಕರ್ಯಾಕತ್ತಾರ."